ಇನ್ನೂ ಕಟ್ಟದ ಮನೆಯ ಚಿತ್ರ ಎಲ್ಲಿ ತಪ್ಪುತ್ತದೆ: ರೆಂಡರ್ ದೋಷ ನಿವಾರಣೆ ಕೈಪಿಡಿ

ಕಟ್ಟುವ ಮೊದಲೇ ಮನೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಮಾಡಿ, ಬೆಳಕಿನ ಲೆಕ್ಕ ಹಾಕಿಸಿ ತೆಗೆದ ಫೋಟೊದಂಥ ಚಿತ್ರವೇ ರೆಂಡರ್. ಇಂಥ ಚಿತ್ರಗಳಲ್ಲಿ ಎರಡು ಬಗೆಯ ದೋಷಗಳಿರುತ್ತವೆ. ಮೊದಲನೆಯದು ಕಣ್ಣಿಗೆ ಹೊಡೆಯುವಂಥದ್ದು: ಚಿತ್ರದ ತುಂಬ ಬಿಳಿ ಚುಕ್ಕಿಗಳು, ಗೋಡೆಯ ಬುಡದಲ್ಲಿ ಬೆಳಕಿನ ಗೆರೆ, ಪ್ಲಾಸ್ಟಿಕ್ಕಿನಂತೆ ಕಾಣುವ ಗ್ರಾನೈಟ್. ಇವನ್ನು ಯಾರೂ ಹಾಗೆಯೇ ಬಿಡುವುದಿಲ್ಲ. ಎರಡನೆಯದು ಚೆಂದದ ಚಿತ್ರದೊಳಗೆ ಅಡಗಿ ಕುಳಿತಿರುತ್ತದೆ. ಮನೆಯವರು ಆ ಚಿತ್ರವನ್ನು ಮೆಚ್ಚುತ್ತಾರೆ, ಅದನ್ನು ನಂಬಿ ಕಿಟಕಿಯ ಅಳತೆ ತೀರ್ಮಾನಿಸುತ್ತಾರೆ, ಸಜ್ಜಾ ಬೇಡವೆನ್ನುತ್ತಾರೆ, ಸಾಲ ತಂದು ಕಾಂಕ್ರೀಟ್ ಹಾಕಿಸುತ್ತಾರೆ. ತಪ್ಪು ಗೊತ್ತಾಗುವ ಹೊತ್ತಿಗೆ ಅದು ಗೋಡೆಯಾಗಿ ನಿಂತಿರುತ್ತದೆ. ಈ ಬರಹದಲ್ಲಿ ಎರಡೂ ಬಗೆಯ ದೋಷಗಳಿವೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಎರಡನೆಯದೇ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಚಿತ್ರ ನಿಜವೆನಿಸದಿದ್ದಾಗ ಮೊದಲು ಮೆಟೀರಿಯಲ್, ಅಂದರೆ ಮೇಲ್ಮೈಯ ಬಣ್ಣ ಹೊಳಪು, ಬದಲಿಸುತ್ತಾರೆ, ಆಮೇಲೆ ಸ್ಯಾಂಪಲ್, ಅಂದರೆ ಚಿತ್ರದ ಪ್ರತಿ ಬಿಂದುವಿಗೆ ಎಷ್ಟು ಸಲ ಬೆಳಕಿನ ಲೆಕ್ಕ ಹಾಕಬೇಕೆಂಬ ಅಂಕಿ, ಹೆಚ್ಚಿಸುತ್ತಾರೆ, ಕೊನೆಗೆ ಫೋಟೊಶಾಪ್‌ಗೆ ಮೊರೆ ಹೋಗುತ್ತಾರೆ. ನಾನು ಹುಡುಕುವ ಕ್ರಮ ಬೇರೆ: ದಿಕ್ಕು, ಅಳತೆ, ಕ್ಯಾಮೆರಾ, ಬೆಳಕು, ಬಣ್ಣ, ವಸ್ತು, ಕಟ್ಟಕಡೆಗೆ ಚುಕ್ಕಿ. ಮೊದಲ ಹಂತದ ತಪ್ಪು ಯಾವಾಗಲೂ ಮುಂದಿನ ಹಂತದ ವೇಷ ತೊಟ್ಟು ಬರುತ್ತದೆ. ಮಾದರಿಯ ಅಳತೆ ತಪ್ಪಿದ್ದರೆ ದೀಪ ಮಂಕಾಗುತ್ತದೆ. ದೀಪ ಹೆಚ್ಚಿಸಿದರೆ ಚುಕ್ಕಿ ಹೆಚ್ಚುತ್ತದೆ. ಚುಕ್ಕಿ ಅಳಿಸಲು ಡಿನಾಯ್ಸರ್ ಹಾಕಿದರೆ ಒರಟು ಗೋಡೆ ಮೇಣದಂತಾಗುತ್ತದೆ. ಮೇಣವನ್ನು ದೂರುತ್ತ ಕುಳಿತವರಿಗೆ ಅಳತೆಯ ನೆನಪೇ ಬರುವುದಿಲ್ಲ.

ಆದ್ದರಿಂದ ಯಾವ ದೋಷವೇ ಇರಲಿ, ಮೊದಲು ಕಟ್ಟಡಕ್ಕೆಲ್ಲ ಒಂದೇ ಮಾಸಲು ಬೂದು ಬಣ್ಣ ಕೊಟ್ಟು ಒಂದು ಚಿತ್ರ ತೆಗೆಯಿರಿ. ಬೂದು ಮನೆಯೇ ಸುಳ್ಳಾಗಿ ಕಂಡರೆ ತಪ್ಪು ದಿಕ್ಕು, ಅಳತೆ, ಕ್ಯಾಮೆರಾ, ಬೆಳಕು ಈ ನಾಲ್ಕರಲ್ಲಿದೆ. ಬೂದು ಮನೆ ನಿಜವೆನಿಸಿ ಬಣ್ಣದ ಮನೆ ಸುಳ್ಳೆನಿಸಿದರೆ ಮಾತ್ರ ಮೆಟೀರಿಯಲ್ ಕಡೆಗೆ ಹೋಗಿ.

ನೆರಳು ಚೆನ್ನಾಗಿದೆ, ಆದರೆ ಆ ಜಾಗದ ನೆರಳಲ್ಲ

ಮೈಸೂರಿನಲ್ಲಿ 30×40 ಅಡಿ ಸೈಟಿನ ಮನೆಯೊಂದಕ್ಕೆ ನಾನು ಚಿತ್ರ ಮಾಡಿದ್ದೆ. ನಕ್ಷೆಯ ಹಾಳೆಯಲ್ಲಿ ರಸ್ತೆಯನ್ನು ಕೆಳಗೆ ಬರುವಂತೆ ತಿರುಗಿಸಿ ಬರೆದಿದ್ದರು. ನಮ್ಮ ಕಡೆ ಬಹುಪಾಲು ನಕ್ಷೆಗಳು ಹೀಗೆಯೇ ಇರುತ್ತವೆ, ಉತ್ತರದ ಬಾಣ ಒಂದು ಮೂಲೆಯಲ್ಲಿ ಚಿಕ್ಕದಾಗಿ ಇರುತ್ತದೆ. ನಾನು ಹಾಳೆಯ ಮೇಲ್ಭಾಗವೇ ಉತ್ತರವೆಂದು ಸಾಫ್ಟ್‌ವೇರಿಗೆ ಕೊಟ್ಟೆ. ರಸ್ತೆ ದಕ್ಷಿಣಕ್ಕೆ ಬಂತು. ನಿಜದಲ್ಲಿ ಅದು ಪಶ್ಚಿಮಕ್ಕಿತ್ತು. ಸಂಜೆ ನಾಲ್ಕು ಗಂಟೆಯ ಬಿಸಿಲು ಮುಂಭಾಗದ ಗೋಡೆಯನ್ನು ಎಡದಿಂದ ಓರೆಯಾಗಿ ಸವರಿಕೊಂಡು ಹೋಗುವ ಸೊಗಸಾದ ಚಿತ್ರ ಬಂತು. ಹಾಲ್‌ನ ಎಂಟು ಅಡಿ ಅಗಲದ ಗಾಜಿನ ಮೇಲೆ ತಂಪು ನೆರಳು. ಅದನ್ನು ನೋಡಿಯೇ ಮನೆಯವರು ಸಜ್ಜಾ ಬಿಟ್ಟು, ಗಾಜನ್ನು ನೆಲದವರೆಗೂ ಇಳಿಸಿದರು.

ಆ ಮನೆಯ ಅಜ್ಜಿಯೊಬ್ಬರೇ ಚಿತ್ರವನ್ನು ಬಹಳ ಹೊತ್ತು ನೋಡಿ, "ಸೂರ್ಯ ಮುಳುಗುವುದು ರಸ್ತೆಯ ಆಚೆಗಲ್ಲವೇನಪ್ಪ? ಇದರಲ್ಲಿ ಪಕ್ಕದ ಮನೆಯವರ ಮೇಲೆ ಮುಳುಗುತ್ತಿದ್ದಾನಲ್ಲ" ಎಂದರು. "ಇಲ್ಲ ಅಜ್ಜಿ, ಇದು ಕಂಪ್ಯೂಟರ್ ಹಾಕಿದ ಲೆಕ್ಕ" ಎಂದುಬಿಟ್ಟೆ. ಅವರು ಮತ್ತೆ ಮಾತನಾಡಲಿಲ್ಲ. ಗೃಹಪ್ರವೇಶವಾಗಿ ಮೊದಲ ಮಾರ್ಚ್ ತಿಂಗಳು ಬಂದಾಗ ಹಾಲ್‌ನಲ್ಲಿ ಸಂಜೆ ಕೂರಲಾಗದ ಸ್ಥಿತಿ ಬಂತು. ಮಾರ್ಚ್ 21ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ನಾಲ್ಕು ಗಂಟೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, ದಿಗಂತದಿಂದ ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡು ಅಡಿ ಸಜ್ಜಾ ಇದ್ದಿದ್ದರೂ ಗಾಜಿನ ಮೇಲಿನ ಒಂದೂವರೆ ಅಡಿಗಷ್ಟೇ ನೆರಳು ಸಿಗುತ್ತಿತ್ತು. ಅಲ್ಲಿ ಬೇಕಾಗಿದ್ದದ್ದು ಅಡ್ಡ ಸಜ್ಜಾ ಅಲ್ಲ, ಎದುರಿನಿಂದ ಬರುವ ಬಿಸಿಲನ್ನು ತಡೆಯುವ ಜಾಲಂದ್ರ ಅಥವಾ ಮರ. ಚಿತ್ರ ಸರಿಯಿದ್ದಿದ್ದರೆ ಈ ಮಾತು ನಕ್ಷೆಯ ಹಂತದಲ್ಲೇ ಬರುತ್ತಿತ್ತು.

ಅಂದಿನಿಂದ ನಾನು ತಪ್ಪದೆ ಮಾಡುವ ಪರೀಕ್ಷೆ ಇದು. ಸೈಟಿನಲ್ಲಿ ಒಂದು ಮೀಟರ್ ಗೂಟ ನೆಟ್ಟು, ಗಂಟೆ ಬರೆದುಕೊಂಡು, ನೆರಳಿನ ಫೋಟೊ ತೆಗೆಯುತ್ತೇನೆ. ಮಾದರಿಯಲ್ಲೂ ಅದೇ ಜಾಗದಲ್ಲಿ ಒಂದು ಮೀಟರ್ ಗೂಟ ನೆಟ್ಟು ಅದೇ ದಿನ, ಅದೇ ಗಂಟೆ ಕೊಡುತ್ತೇನೆ. ಎರಡೂ ನೆರಳು ಹೊಂದದಿದ್ದರೆ ಮುಂದಿನ ಕೆಲಸವಿಲ್ಲ. ಸೈಟಿಗೆ ಹೋಗಲಾಗದಿದ್ದರೆ ಈ ಅಂಕಿಗಳನ್ನು ಇಟ್ಟುಕೊಳ್ಳಿ: ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ ಸುಮಾರು 53.5 ಡಿಗ್ರಿ ಎತ್ತರದಲ್ಲಿರುತ್ತಾನೆ, ಒಂದು ಮೀಟರ್ ಗೂಟದ ನೆರಳು ಉತ್ತರಕ್ಕೆ 74 ಸೆಂ.ಮೀ. ಬೀಳುತ್ತದೆ. ಜೂನ್ 21ರಂದು ಸೂರ್ಯ ಉತ್ತರದಲ್ಲಿ 79.5 ಡಿಗ್ರಿಯಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ 18 ಸೆಂ.ಮೀ. ಮಾತ್ರ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲು ಸೂರ್ಯ ನೇರ ನೆತ್ತಿಯ ಮೇಲಿರುವ ಶೂನ್ಯ ನೆರಳಿನ ದಿನ ಬರುತ್ತದೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಬಿಸಿಲು ಉತ್ತರದ ಗೋಡೆಯ ಮೇಲೆ ಬೀಳಬೇಕು. ಯುರೋಪಿನ ಟೆಂಪ್ಲೇಟ್ ಬಳಸಿದವರ ಚಿತ್ರದಲ್ಲಿ ಅದು ಎಂದೂ ಬೀಳುವುದಿಲ್ಲ. ಇದೊಂದನ್ನು ನೋಡಿಯೇ ಊರು ಬದಲಿಸದೆ ಮಾಡಿದ ಚಿತ್ರವನ್ನು ಗುರುತಿಸಬಹುದು.

ದಿಕ್ಕು ಸರಿಯಿದ್ದೂ ನೆರಳು ಸ್ವಲ್ಪ ಓಡಿದ್ದರೆ ಸಮಯ ವಲಯ ನೋಡಿ. ನಮ್ಮದು ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಐದು ಅಥವಾ ಆರು ಎಂದು ಕೊಟ್ಟರೆ ಸೂರ್ಯ ತನ್ನ ದಾರಿಯಲ್ಲಿ 7.5 ಡಿಗ್ರಿ ಸರಿಯುತ್ತಾನೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ವಿದೇಶಿ ಪದ್ಧತಿಯ ಗುರುತು ಹಾಕಿದ್ದರೆ 15 ಡಿಗ್ರಿ. ಇನ್ನೊಂದು ಮಾತು: ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 12 ಗಂಟೆ 20 ನಿಮಿಷಕ್ಕೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಆ ಇಪ್ಪತ್ತು ನಿಮಿಷವನ್ನು ದೋಷವೆಂದು ತಿದ್ದಲು ಹೋಗಬೇಡಿ.

ಎಲ್ಲವೂ ಸರಿ, ಆದರೆ ಮನೆ ಆಟಿಕೆಯಂತೆ ಕಾಣುತ್ತದೆ

ಇದು ಅಳತೆಯ ದೋಷ. ನಮ್ಮಲ್ಲಿ ನಕ್ಷೆ ಅಡಿ ಅಂಗುಲದಲ್ಲಿ, ಕಿಟಕಿ ಮಾಡುವವರ ಲೆಕ್ಕ ಮಿಲಿಮೀಟರ್‌ನಲ್ಲಿ, ಸಾಫ್ಟ್‌ವೇರ್ ಮೀಟರ್‌ನಲ್ಲಿ. ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಅಂಕಿ ಹಾಗೆಯೇ ಉಳಿದು ಮಾನ ಮಾತ್ರ ಬದಲಾಗುತ್ತದೆ. ಅಡಿ ಮೀಟರ್ ಆದರೆ ಮನೆ 3.28 ಪಟ್ಟು ದೊಡ್ಡದಾಗುತ್ತದೆ. ಬರೀ ಮನೆಯ ಆಕಾರ ನೋಡಿದರೆ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲವೂ ಒಟ್ಟಿಗೆ ಹಿಗ್ಗಿರುತ್ತದೆ. ಗೊತ್ತಾಗುವುದು ಬೆಳಕಿನಲ್ಲಿ. ದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 3.28 ಪಟ್ಟು ದೂರವೆಂದರೆ 10.76ರಲ್ಲಿ ಒಂದು ಪಾಲು ಬೆಳಕು. ಮಿಲಿಮೀಟರ್ ಮೀಟರ್ ಆಗಿದ್ದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ ಕತ್ತಲೆ. ಹೀಗಾಗಿ "ದೀಪ ಉರಿಯುತ್ತಿಲ್ಲ" ಎಂಬ ದೂರು ಬಂದಾಗ ನಾನು ಮೊದಲು ಬಾಗಿಲನ್ನು ಅಳೆಯುತ್ತೇನೆ. ಏಳು ಅಡಿ, ಅಂದರೆ 2.1 ಮೀಟರ್ ಆಸುಪಾಸಿನಲ್ಲಿರಬೇಕು.

ಟೆಕ್ಸ್‌ಚರ್‌ಗಳ, ಅಂದರೆ ಮಾದರಿಯ ಮೇಲ್ಮೈಗೆ ಅಂಟಿಸುವ ಇಟ್ಟಿಗೆ, ಹೆಂಚಿನಂಥ ಚಿತ್ರಗಳ, ಅಳತೆಗೂ ಇದೇ ಎಚ್ಚರ ಬೇಕು. ಇಟ್ಟಿಗೆ ಗೋಡೆಯಿದ್ದರೆ ಬಾಗಿಲಿನ ಪಕ್ಕದ ಸಾಲುಗಳನ್ನು ಎಣಿಸಿ. ಮೂರು ಅಂಗುಲದ ಇಟ್ಟಿಗೆಗೆ ಅರ್ಧ ಅಂಗುಲ ಗಾರೆ ಸೇರಿದರೆ ಏಳು ಅಡಿಗೆ 24 ಸಾಲು. ಚಿತ್ರದಲ್ಲಿ 12 ಸಾಲು ಕಂಡರೆ ಮನೆ ಗೊಂಬೆಮನೆಯಾಗುತ್ತದೆ, 48 ಕಂಡರೆ ಕೋಟೆಯಾಗುತ್ತದೆ. ಮಂಗಳೂರು ಹೆಂಚಿನಲ್ಲೂ ಹೀಗೆಯೇ: ಹೆಂಚೊಂದು ಸುಮಾರು ಹದಿನಾರು ಅಂಗುಲ ಉದ್ದವೆಂಬುದು ಅದನ್ನು ಕಂಡು ಬೆಳೆದವರ ಕಣ್ಣಿಗೆ ಗೊತ್ತು. ತಪ್ಪಿದರೆ ಅವರಿಗೆ ಕಾರಣ ಹೇಳಲು ಬರದಿದ್ದರೂ ಇರಿಸುಮುರಿಸಾಗುತ್ತದೆ.

ಅಳತೆಯ ಸೋದರ ದೋಷವೊಂದಿದೆ. ಗೋಡೆಗಳ ಅಂಚು ನಡುಗುತ್ತದೆ, ಕಿಟಕಿಯ ಚೌಕಟ್ಟು ಮೆಟ್ಟಿಲಿನಂತೆ ಹಲ್ಲುಹಲ್ಲಾಗುತ್ತದೆ. ಸರ್ವೆ ನಕ್ಷೆಯ ನಿರ್ದೇಶಾಂಕಗಳನ್ನು ಹಾಗೆಯೇ ತಂದಾಗ ಹೀಗಾಗುತ್ತದೆ. ಭೂಮಿಯ ಮೇಲಿನ ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರು ಸಮಭಾಜಕ ವೃತ್ತದಿಂದ 14 ಲಕ್ಷ ಮೀಟರ್‌ಗೂ ಹೆಚ್ಚು ದೂರದಲ್ಲಿದೆ. ಗ್ರಾಫಿಕ್ಸ್ ಲೆಕ್ಕ ನಡೆಯುವ 32 ಬಿಟ್ ಸಂಖ್ಯೆಗೆ ಅಷ್ಟು ದೊಡ್ಡ ಅಂಕಿಯಲ್ಲಿ ಹಿಡಿಯಲಾಗುವ ಅತಿ ಚಿಕ್ಕ ಅಂತರ 12.5 ಸೆಂ.ಮೀ. ಅದಕ್ಕಿಂತ ತೆಳುವಾದ ಚೌಕಟ್ಟು ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯುವುದೇ ಇಲ್ಲ. ಮನೆಯ ಒಂದು ಮೂಲೆಯನ್ನು ಸೊನ್ನೆ ಬಿಂದುವಿಗೆ ಸರಿಸಿ, ಸರಿಸಿದ ದೂರವನ್ನು ಬರೆದಿಟ್ಟುಕೊಳ್ಳಿ.

ಕೋಣೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ

ಕಟ್ಟಡದ ಚಿತ್ರಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ದೋಷ ಇದೆಂದು ನಾನು ನಂಬಿದ್ದೇನೆ. ತಮಾಷೆಯ ವಿಷಯವಲ್ಲ. 36 ಮಿ.ಮೀ. ಅಗಲದ ಸೆನ್ಸರಿನ ಲೆಕ್ಕದಲ್ಲಿ 50 ಮಿ.ಮೀ. ಲೆನ್ಸ್ ಅಡ್ಡಕ್ಕೆ 39.6 ಡಿಗ್ರಿ ನೋಡುತ್ತದೆ, 35 ಮಿ.ಮೀ. 54 ಡಿಗ್ರಿ, 24 ಮಿ.ಮೀ. 74 ಡಿಗ್ರಿ, 18 ಮಿ.ಮೀ. 90 ಡಿಗ್ರಿ. ಇದನ್ನು ಕೋಣೆಯ ಭಾಷೆಯಲ್ಲಿ ಹೇಳುತ್ತೇನೆ. 10×12 ಅಡಿ ಮಲಗುವ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು 11 ಅಡಿ ದೂರದ ಎದುರು ಗೋಡೆಯನ್ನು ನೋಡಿದರೆ, 50 ಮಿ.ಮೀ. ಲೆನ್ಸಿಗೆ ಎಂಟು ಅಡಿ ಅಗಲವಷ್ಟೇ ಕಾಣುತ್ತದೆ, ಗೋಡೆ ಪೂರ್ತಿ ಬರುವುದಿಲ್ಲ. 35ಕ್ಕೆ ಹನ್ನೊಂದು ಅಡಿ ಚಿಲ್ಲರೆ. 24ಕ್ಕೆ ಹದಿನಾರೂವರೆ ಅಡಿ. ಹಾಗಾಗಿ ಕೋಣೆಯನ್ನೆಲ್ಲ ತೋರಿಸಬೇಕೆಂಬ ಆಸೆಗೆ 24ಕ್ಕೆ, ಅಲ್ಲಿಂದ 18ಕ್ಕೆ ಇಳಿಯುತ್ತೇವೆ. ಅಂಚಿನಲ್ಲಿರುವ ಸೋಫಾ ಹಿಗ್ಗುತ್ತದೆ, ಎದುರು ಗೋಡೆ ಹಿಂದೆ ಸರಿಯುತ್ತದೆ.

ಇದರ ಒಳಗುಟ್ಟು ನೋಡುವ ದೂರದಲ್ಲಿದೆ. ಪ್ರತಿ ಚಿತ್ರಕ್ಕೂ ಅದನ್ನು ಯಾವ ದೂರದಿಂದ ನೋಡಿದರೆ ನಿಜದ ಆಳ ಕಾಣುತ್ತದೆ ಎಂಬ ಒಂದು ಲೆಕ್ಕವಿದೆ: ಅಚ್ಚಾದ ಅಗಲವನ್ನು 36ರಿಂದ ಭಾಗಿಸಿ ಲೆನ್ಸಿನ ಅಂಕಿಯಿಂದ ಗುಣಿಸಿ. 420 ಮಿ.ಮೀ. ಅಗಲದ ಎ3 ಹಾಳೆಯಲ್ಲಿ 24 ಮಿ.ಮೀ. ಚಿತ್ರವನ್ನು 28 ಸೆಂ.ಮೀ. ದೂರದಿಂದ ನೋಡಬೇಕು. 15 ಸೆಂ.ಮೀ. ಅಗಲದ ಮೊಬೈಲ್ ಪರದೆಯಲ್ಲಾದರೆ 10 ಸೆಂ.ಮೀ. ದೂರದಿಂದ. ಯಾರೂ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡುವುದಿಲ್ಲ. ನಲವತ್ತು ಸೆಂ.ಮೀ. ದೂರದಲ್ಲಿ ಹಿಡಿದಾಗ ಕೋಣೆಯ ಆಳ ಹಲವು ಪಟ್ಟು ಹಿಗ್ಗಿದಂತೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಭೂದೃಶ್ಯದ ಮೇಲೆ ಕಟ್ಟಡದ ಪರಿಣಾಮ ಅಳೆಯುವ ಚಿತ್ರಗಳಿಗೆ 50 ಮಿ.ಮೀ. ಲೆನ್ಸನ್ನೇ ಮಾನವಾಗಿ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. 390 ಮಿ.ಮೀ. ಅಗಲಕ್ಕೆ ಅಚ್ಚಾದಾಗ ಅದರ ದೂರ 542 ಮಿ.ಮೀ., ಅಂದರೆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡುವಷ್ಟು.

ಪರಿಹಾರ: ಒಳಾಂಗಣಕ್ಕೆ 28ರಿಂದ 35 ಮಿ.ಮೀ., ಅದಕ್ಕಿಂತ ಕೆಳಗೆ ಇಳಿಯದಿರಿ. ಗೋಡೆ ಅಡ್ಡ ಬಂದರೆ ಒಂದೇ ಚಿತ್ರದ ಬದಲು ಎರಡು ಚಿತ್ರ ಕೊಡಿ. ಕ್ಯಾಮೆರಾವನ್ನು ಗೋಡೆಯಾಚೆಗೆ ಸರಿಸಿ ಗೋಡೆಯನ್ನು ಮಾಯ ಮಾಡುವ ಅನುಕೂಲ ಬಹುತೇಕ ಸಾಫ್ಟ್‌ವೇರಿನಲ್ಲಿ ಇದೆ. ಅದನ್ನು ಬಳಸಿದರೆ ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿ ಚಿತ್ರದ ಜೊತೆಗೇ ಕೊಡಿ. ಯಾವ ಮನುಷ್ಯನೂ ಅಲ್ಲಿ ನಿಂತು ನೋಡಲಾರ ಎಂಬುದು ಆಗ ಮನೆಯವರಿಗೆ ಗೊತ್ತಾಗುತ್ತದೆ. ಕ್ಯಾಮೆರಾದ ಎತ್ತರ 1.5ರಿಂದ 1.6 ಮೀಟರ್ ಇರಲಿ. ಹೊರಗಿನ ಚಿತ್ರದಲ್ಲಿ ಕಂಬಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿದರೆ ಕ್ಯಾಮೆರಾ ತಲೆಯೆತ್ತಿದೆ ಎಂದರ್ಥ. ಅದನ್ನು ಮಟ್ಟಸವಾಗಿಟ್ಟು, ಲೆನ್ಸನ್ನು ಮೇಲಕ್ಕೆ ಸರಿಸುವ ಶಿಫ್ಟ್ ಬಳಸಿ.

ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗುತ್ತಿಲ್ಲ

ಮೊದಲು ಕತ್ತಲೆ ಪರೀಕ್ಷೆ. ಎಲ್ಲ ಕಿಟಕಿ ಬಾಗಿಲುಗಳಿಗೂ ದಪ್ಪ ಹಲಗೆ ಮುಚ್ಚಿ, ಎಲ್ಲ ದೀಪ ಆರಿಸಿ, ಒಳಗಿನಿಂದ ಒಂದು ಚಿತ್ರ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಎಲ್ಲಾದರೂ ಬೂದು ಕಂಡರೆ ಅಲ್ಲಿ ಗೋಡೆಗೂ ಛಾವಣಿಗೂ ನಡುವೆ ಸಂದಿಯಿದೆ, ಅಥವಾ ಗೋಡೆಗೆ ದಪ್ಪವೇ ಇಲ್ಲ. ಇಲ್ಲವೇ ಯಾರೋ ಹಿಂದೆ "ಸ್ವಲ್ಪ ಬೆಳಕಾಗಲಿ" ಎಂದು ಇಟ್ಟ ಅದೃಶ್ಯ ದೀಪ ಉಳಿದುಕೊಂಡಿದೆ. ಈ ಅದೃಶ್ಯ ದೀಪಗಳನ್ನು ನಾನು ಒಪ್ಪುವುದಿಲ್ಲ. ಕಿಟಕಿಯಿಲ್ಲದ ಊಟದ ಮನೆಯನ್ನು ಬೆಳಗುವ ಅದೃಶ್ಯ ದೀಪ, ಅಲ್ಲಿ ಹಗಲಿಡೀ ಸ್ವಿಚ್ ಹಾಕಿಕೊಂಡೇ ಬದುಕಬೇಕಾದ ಸತ್ಯವನ್ನು ಮನೆಯವರಿಂದ ಮುಚ್ಚಿಡುತ್ತದೆ.

ಆಮೇಲೆ ಬಿಸಿಲಿನ ಮತ್ತು ದೀಪದ ಅನುಪಾತ. ನಡುಹಗಲ ನೇರ ಬಿಸಿಲು, ಬೆಳಕು ಅಳೆಯುವ ಲಕ್ಸ್ ಮಾನದಲ್ಲಿ, ಸುಮಾರು ಒಂದು ಲಕ್ಷ. ಮನೆಯ ಹಾಲ್‌ನಲ್ಲಿ ರಾತ್ರಿ ದೀಪ ಹಾಕಿದಾಗ ನೂರಿನ್ನೂರು ಲಕ್ಸ್ ಇದ್ದರೆ ಹೆಚ್ಚು. ಹೀಗಿರುವಾಗ ಅಂಗಳದಲ್ಲಿ ಸುಡುಬಿಸಿಲು, ಒಳಗೆ ಹಳದಿ ದೀಪಗಳು ಚಿನ್ನದಂತೆ ಹೊಳೆಯುವ ಚಿತ್ರ ಯಾವ ಗಂಟೆಯದೂ ಅಲ್ಲ. ದೀಪ ಕಾಣಬೇಕಾದರೆ ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷದ ಚಿತ್ರ ಮಾಡಿ, ಬಿಸಿಲು ಬೇಕಾದರೆ ದೀಪ ಆರಿಸಿ. ಕ್ಯಾಮೆರಾಕ್ಕೆ ಫೋಟೊಗ್ರಾಫರ್‌ಗಳ ಹಳೆಯ ನಿಯಮವನ್ನೇ ಕೊಟ್ಟು ನೋಡಿ: ಪೂರ್ಣ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್/16, ಬೆಳಕಿನ ಸಂವೇದನೆ ಐಎಸ್ಒ 100, ಶಟರ್ ತೆರೆದಿರುವುದು ಸೆಕೆಂಡಿನ ನೂರರಲ್ಲೊಂದು ಭಾಗ. ಭೌತಿಕ ಸೂರ್ಯನನ್ನು ಬಳಸಿದ ದೃಶ್ಯ ಇದಕ್ಕೆ ಸರಿಹೊಂದದಿದ್ದರೆ ಸೂರ್ಯನ ತೀವ್ರತೆಯನ್ನು ಯಾರೋ ಮುಟ್ಟಿದ್ದಾರೆ. ಬ್ಲೆಂಡರ್ ಎಂಬ ರೆಂಡರ್ ಸಾಫ್ಟ್‌ವೇರ್ ಬಳಸುವವರು ಗಮನಿಸಬೇಕು, ಅಲ್ಲಿನ ದೀಪದ ವ್ಯಾಟ್ ಬಲ್ಬಿನ ಡಬ್ಬಿಯ ಮೇಲಿರುವ ವ್ಯಾಟ್ ಅಲ್ಲ. ಅದು ಹೊರಬರುವ ಬೆಳಕಿನ ಶಕ್ತಿ. ಒಂಬತ್ತು ವ್ಯಾಟಿನ ಎಲ್‌ಇಡಿಗೆ ಒಂಬತ್ತು ಎಂದೇ ಬರೆದರೆ ಕೋಣೆ ಅತಿಯಾಗಿ ಬೆಳಗುತ್ತದೆ.

ಒಳಗೆಲ್ಲ ಬೆಳಕು ಸಪಾಟಾಗಿ, ಮೂಲೆಗಳಲ್ಲಿ ಆಳವೇ ಇಲ್ಲದಂತೆ ಕಂಡರೆ ಗೋಡೆಯ ಬಿಳಿಯನ್ನು ಪರೀಕ್ಷಿಸಿ. ಸೊನ್ನೆಯಿಂದ 255ರವರೆಗಿನ ಬಣ್ಣದ ಮಾನದಲ್ಲಿ 255 ಎಂದು ಕೊಟ್ಟ ಬಿಳಿ ಬಿದ್ದ ಬೆಳಕನ್ನೆಲ್ಲ ಹಿಂತಿರುಗಿಸುತ್ತದೆ. ಒಳ್ಳೆಯ ಬಿಳಿ ಬಣ್ಣ ಬಳಿದ ಗೋಡೆ ಸುಮಾರು ಶೇ. 80ರಷ್ಟು ಹಿಂತಿರುಗಿಸುತ್ತದೆ. ಐದು ಸಲ ಪುಟಿದ ಮೇಲೆ ಶೇ. 80ರ ಗೋಡೆಯಲ್ಲಿ ಮೂರನೆಯ ಒಂದು ಪಾಲು ಬೆಳಕು ಉಳಿದರೆ, ಶೇ. 95ರ ಗೋಡೆಯಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಉಳಿಯುತ್ತದೆ. ಬಿಳಿಯನ್ನು 230ಕ್ಕಿಂತ ಮೇಲೆ ಒಯ್ಯಬೇಡಿ. ಕೆಂಪು ಆಕ್ಸೈಡ್ ನೆಲದ ಮನೆಯಲ್ಲಿ ಗೋಡೆಯ ಬುಡಕ್ಕೆ ಕೆಂಪು ಛಾಯೆ ಬರುವುದು ದೋಷವಲ್ಲ. ಹಳೆಯ ಮನೆಗಳ ಜಗಲಿಯಲ್ಲಿ ಮಧ್ಯಾಹ್ನ ಕುಳಿತವರೆಲ್ಲರೂ ಆ ಕೆಂಪನ್ನು ಕಂಡಿದ್ದಾರೆ. ಅದನ್ನು ಅಳಿಸಬೇಡಿ.

ಬಣ್ಣ ಹಾಲಿನಂತೆ ಮಾಸಿದೆ, ಅಥವಾ ಕಡುಗಪ್ಪಾಗಿದೆ

ಗಾಮಾ, ಅಂದರೆ ಬೆಳಕಿನ ಅಂಕಿಯನ್ನು ಪರದೆಗೆ ತಕ್ಕಂತೆ ಹೊಂದಿಸುವ ತಿದ್ದುಪಡಿ, ಎರಡು ಸಲ ಹತ್ತಿದೆ ಅಥವಾ ಹತ್ತೇ ಇಲ್ಲ. ಪರೀಕ್ಷೆಗೆ ದೃಶ್ಯದಲ್ಲಿ 118 ಮೌಲ್ಯದ ಬೂದು ಚಿತ್ರವೊಂದನ್ನು, ಬೆಳಕಿಗೆ ಸಂಬಂಧವಿಲ್ಲದೆ ತಾನೇ ಹೊಳೆಯುವಂತೆ ಇಡಿ. ಬ್ಲೆಂಡರ್‌ನಲ್ಲಾದರೆ ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ತರುವ ವ್ಯೂ ಟ್ರಾನ್ಸ್‌ಫಾರ್ಮ್ ಆಯ್ಕೆಯನ್ನು ಎಜಿಎಕ್ಸ್‌ನಿಂದ ಸ್ಟ್ಯಾಂಡರ್ಡ್‌ಗೆ ಬದಲಿಸಿ. ಹೊರಬಂದ ಚಿತ್ರದಲ್ಲೂ ಅದು 118 ಇರಬೇಕು. ಇಲ್ಲದಿದ್ದರೆ ಟೆಕ್ಸ್‌ಚರಿನ ಬಣ್ಣದ ಮಾನ ತಪ್ಪಿದೆ. ಬಣ್ಣದ ಚಿತ್ರಗಳಿಗೆ ಎಸ್‌ಆರ್‌ಜಿಬಿ, ಅಂದರೆ ಸಾಮಾನ್ಯ ಪರದೆಗಳು ಬಳಸುವ ಬಣ್ಣದ ಮಾನ. ಒರಟುತನ, ಉಬ್ಬುತಗ್ಗು ಹೇಳುವ ಚಿತ್ರಗಳಿಗೆ ಬಣ್ಣವಲ್ಲದ ದತ್ತಾಂಶ ಎಂಬ ಆಯ್ಕೆ. ಇವೆರಡು ಅದಲುಬದಲಾದರೆ ಕಲ್ಲು ಅಕಾರಣವಾಗಿ ಹೊಳೆಯುತ್ತದೆ.

ನಿಮ್ಮ ಪರದೆಯಲ್ಲಿ ಚೆನ್ನಾಗಿದ್ದು ಮನೆಯವರ ಮೊಬೈಲಿನಲ್ಲಿ ಸಪ್ಪೆಯಾಗಿದ್ದರೆ ತಪ್ಪು ರೆಂಡರಿನದಲ್ಲ. ಅಗಲ ವ್ಯಾಪ್ತಿಯ ಬಣ್ಣದ ಪ್ರೊಫೈಲಿನಲ್ಲಿ ಉಳಿಸಿದ ಚಿತ್ರ ಪ್ರೊಫೈಲ್ ಕಳೆದುಕೊಂಡು ಹೋಗಿದೆ. ಎಸ್‌ಆರ್‌ಜಿಬಿಗೆ ಬದಲಿಸಿ ಕಳುಹಿಸಿ. ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಬಂದಿದ್ದರೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿದೆ. ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಪೇಂಟಿನ ಬಣ್ಣವನ್ನು ಮೊಬೈಲ್ ನೋಡಿ ತೀರ್ಮಾನಿಸಲು ಮಾತ್ರ ಬಿಡಬೇಡಿ. ಗೋಡೆಯ ಮೇಲೆ ಎರಡಡಿ ಚೌಕ ಬಳಿದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದಕ್ಕೆ ಬದಲಿ ಇಲ್ಲ.

ಕಲ್ಲು ಪ್ಲಾಸ್ಟಿಕ್ಕಿನಂತೆ, ಗಾಜು ನೀರಿನಂತೆ

ಗಾಜನ್ನು ಒಂದೇ ಹಾಳೆಯಾಗಿ ಮಾಡಿ ವಕ್ರೀಭವನ ಕೊಟ್ಟರೆ ಹೊರಗಿನ ನೋಟವೆಲ್ಲ ನೀರಿನೊಳಗಿದ್ದಂತೆ ಬಾಗುತ್ತದೆ. ಐದಾರು ಮಿ.ಮೀ. ದಪ್ಪ ಕೊಡಿ, ವಕ್ರೀಭವನಾಂಕ 1.52 ಇರಲಿ. ಗಾಜು ಕಾಣಿಸುವುದೇ ಇಲ್ಲವೆಂದರೆ ಪ್ರತಿಫಲನ ಆರಿಸಿದ್ದೀರಿ. ನೇರವಾಗಿ ನೋಡಿದಾಗ ಗಾಜಿನ ಒಂದು ಮುಖ ಶೇ. 4ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆ, ಓರೆಯಾದಂತೆ ಅದು ಹೆಚ್ಚುತ್ತದೆ. ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಗಾಜಿನಲ್ಲಿ ಆಕಾಶ ಕಾಣಬೇಕೇ ಹೊರತು ಒಳಗಿನ ಸೋಫಾ ಅಲ್ಲ.

ಸಾದರಹಳ್ಳಿ ಗ್ರಾನೈಟಿಗೆ ಕನ್ನಡಿಯ ಹೊಳಪು ಕೊಡುವುದು ಸಾಮಾನ್ಯ ತಪ್ಪು. ಕಂಬಕ್ಕೋ ಮೆಟ್ಟಿಲಿಗೋ ಉಳಿಯಿಂದ ಕೆತ್ತಿದ ಕಲ್ಲು ಹಾಕುವುದಾದರೆ ಅದು ಬೆಳಕನ್ನು ಚದುರಿಸುತ್ತದೆ. ಅಂಚುಗಳನ್ನೂ ನೋಡಿ. ಕಂಪ್ಯೂಟರಿನ ಅಂಚಿಗೆ ದಪ್ಪವೇ ಇಲ್ಲ, ಮೇಸ್ತ್ರಿಯ ಕೈಯ ಅಂಚಿಗೆ ಎರಡು ಮೂರು ಮಿ.ಮೀ. ದುಂಡಗಿನ ತಿರುವಿರುತ್ತದೆ. ಆ ತಿರುವಿನಲ್ಲಿ ಹಿಡಿಯುವ ಸಣ್ಣ ಬೆಳಕಿನ ಗೆರೆಯೇ ಕಣ್ಣಿಗೆ "ಇದು ವಸ್ತು" ಎಂದು ಹೇಳುವುದು. ಗಾರೆಯ ಉಬ್ಬುತಗ್ಗು ತಿರುಗುಮುರುಗಾಗಿ, ಉಬ್ಬಿದ್ದು ತಗ್ಗಾಗಿ ಕಂಡರೆ ನಾರ್ಮಲ್ ಮ್ಯಾಪಿನ, ಅಂದರೆ ಉಬ್ಬುತಗ್ಗಿನ ದಿಕ್ಕನ್ನು ಬಣ್ಣಗಳಲ್ಲಿ ಬರೆದಿಟ್ಟ ಚಿತ್ರದ, ಹಸಿರು ವಾಹಿನಿಯನ್ನು ತಿರುಗಿಸಿ. ಡೈರೆಕ್ಟ್‌ಎಕ್ಸ್ ಮತ್ತು ಓಪನ್‌ಜಿಎಲ್ ಎಂಬ ಎರಡು ಗ್ರಾಫಿಕ್ಸ್ ಪದ್ಧತಿಗಳು ಅಲ್ಲಿ ವಿರುದ್ಧವಾಗಿವೆ.

ಚುಕ್ಕಿ, ಮಿನುಗು, ಮೇಣ

ಎರಡು ಮೇಲ್ಮೈಗಳು ಒಂದೇ ಜಾಗದಲ್ಲಿ ಕೂತಿದ್ದರೆ ಮಿನುಗುತ್ತವೆ, ಒಂದನ್ನು ಅಳಿಸಿ. ಅಲ್ಲಲ್ಲಿ ಚೂಪು ಬಿಳಿ ಚುಕ್ಕಿ ಬಂದರೆ ಅತಿ ಚಿಕ್ಕ, ಅತಿ ಪ್ರಖರ ದೀಪವೊಂದು ಗಾಜಿನ ಹಿಂದಿದೆ. ದೀಪವನ್ನು ದೊಡ್ಡದು ಮಾಡಿ, ಪರೋಕ್ಷ ಬೆಳಕಿಗೆ ಮಿತಿ ಹಾಕಿ. ಒಟ್ಟಾರೆ ಮರಳಿನಂಥ ಚುಕ್ಕಿಗೆ ಸ್ಯಾಂಪಲ್ ಬೇಕು, ಆದರೆ ಚುಕ್ಕಿ ಅರ್ಧವಾಗಲು ನಾಲ್ಕು ಪಟ್ಟು ಸ್ಯಾಂಪಲ್ ಬೇಕೆಂಬುದು ನೆನಪಿರಲಿ. ಡಿನಾಯ್ಸರನ್ನು ಕೊನೆಗೆ, ಕಡಿಮೆ ಹಾಕಿ.

ಚಿತ್ರದಲ್ಲಿ ಇಲ್ಲದ್ದೇ ದೋಷವಾದಾಗ

ಇಲ್ಲಿಂದ ಮುಂದೆ ಚಿತ್ರ ಮಾಡುವವರಿಗಿಂತ ಅದನ್ನು ನೋಡಿ ಮನೆ ಕೊಳ್ಳುವವರಿಗೆ ಹೇಳಬೇಕಾದದ್ದು ಹೆಚ್ಚಿದೆ. ಎದುರಿನ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಐದು ಅಡಿ ಆಚೆಗಿರುವ ಪಕ್ಕದ ಮನೆಯ ಗೋಡೆ, ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕ್, ಕಿಟಕಿಯ ಗ್ರಿಲ್: ಇವು ಚಿತ್ರದಲ್ಲಿವೆಯೇ ನೋಡಿ. ಪಕ್ಕದ ಗೋಡೆ ಇಲ್ಲದಿದ್ದರೆ ಕಿಟಕಿಯಿಂದ ಬಂದಿರುವ ಬೆಳಕೂ ಸುಳ್ಳೇ. ಮರಗಳನ್ನು ನೋಡಿ. ಹೊಂಗೆ ಸಸಿ ನೆಟ್ಟ ದಿನವೇ ಎರಡಂತಸ್ತಿಗೆ ನೆರಳು ಕೊಡುವುದಿಲ್ಲ. ಇದು ಎಷ್ಟನೆಯ ವರ್ಷದ ಚಿತ್ರ ಎಂದು ಕೇಳಿ.

ಕೋಣೆಯ ಗಾತ್ರವನ್ನು ಪೀಠೋಪಕರಣದಿಂದ ಅಳೆಯಿರಿ. ಕುರ್ಚಿಯ ಆಸನ 18 ಅಂಗುಲ, ಊಟದ ಮೇಜು 30 ಅಂಗುಲ, ಬಾಗಿಲು 84 ಅಂಗುಲ. ಬಾಗಿಲಿನ ಪಕ್ಕದಲ್ಲೇ ಇಟ್ಟ ಕುರ್ಚಿಯ ಆಸನ ಬಾಗಿಲಿನ ಎತ್ತರದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿರಬೇಕು. ಆರನೆಯ ಒಂದು ಭಾಗವಿದ್ದರೆ ಪೀಠೋಪಕರಣವನ್ನು ಕುಗ್ಗಿಸಿದ್ದಾರೆ. ನೆಲದ ಟೈಲ್ಸ್ ಎರಡಡಿ ಚೌಕದ್ದಾಗಿದ್ದರೆ ಎಣಿಸಿ, ನಕ್ಷೆಯ ಅಳತೆಯೊಂದಿಗೆ ಹೋಲಿಸಿ. ಸಂದೇಹ ಬಂದರೆ ಮೂರು ಪ್ರಶ್ನೆ ಸಾಕು: ಕ್ಯಾಮೆರಾ ನಕ್ಷೆಯ ಮೇಲೆ ಎಲ್ಲಿದೆ, ಲೆನ್ಸ್ ಎಷ್ಟು, ಬಿಸಿಲು ಯಾವ ದಿನದ ಎಷ್ಟು ಗಂಟೆಯದು. ಲೆಕ್ಕದಿಂದ ಚಿತ್ರ ಮಾಡಿದವರು ತಕ್ಷಣ ಉತ್ತರಿಸುತ್ತಾರೆ.

ಲಂಡನ್ನಿನಲ್ಲಿ ದೊಡ್ಡ ಕಟ್ಟಡಗಳ ಅನುಮತಿಗೆ ಕೊಡುವ ಪರಿಶೀಲಿತ ನೋಟಗಳಿಗೆ 0ರಿಂದ 3ರವರೆಗೆ ಹಂತಗಳಿವೆ. ಮೊದಲನೆಯದರಲ್ಲಿ ಕಟ್ಟಡದ ಜಾಗ ಮತ್ತು ಗಾತ್ರ ಮಾತ್ರ, ಮುಂದಿನದರಲ್ಲಿ ಅದು ಎಷ್ಟು ಕಾಣುತ್ತದೆ ಎಂಬುದೂ, ಆಮೇಲೆ ವಾಸ್ತುರೂಪ, ಕೊನೆಯದರಲ್ಲಿ ವಸ್ತು. ಚಿತ್ರ ಯಾವ ವಿಷಯದಲ್ಲಿ ಮಾತು ಕೊಡುತ್ತಿದೆ, ಯಾವುದರಲ್ಲಿ ಕೊಡುತ್ತಿಲ್ಲ ಎಂಬುದನ್ನು ಹಂತವೇ ಹೇಳಿಬಿಡುತ್ತದೆ. ನಾನೂ ಈಗ ನನ್ನ ಚಿತ್ರಗಳ ಕೆಳಗೆ ಇಂಥದ್ದೊಂದು ಸಾಲು ಬರೆಯುತ್ತೇನೆ. ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಸೆಕ್ಷನ್ ಕೊಳ್ಳುವವರ ಪರವಾಗಿದೆ. ಜಾಹೀರಾತು, ಮಾಹಿತಿ ಪುಸ್ತಿಕೆ ಅಥವಾ ಮಾದರಿ ಮನೆಯಲ್ಲಿನ ತಪ್ಪು ಮಾಹಿತಿಯನ್ನು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಯೋಜನೆಯಿಂದ ಹಿಂದೆ ಸರಿದು ಹಣವನ್ನು ಬಡ್ಡಿ ಸಹಿತ ವಾಪಸ್ ಪಡೆಯಲೂ ಅವಕಾಶವಿದೆ. ಆದ್ದರಿಂದ ತೋರಿಸಿದ ಚಿತ್ರಗಳ ಪ್ರತಿಯನ್ನು ದಿನಾಂಕದೊಂದಿಗೆ ಜೋಪಾನ ಮಾಡಿ.

ಕಂಡ ಕೋಣೆಯೊಂದಿಗೆ ಹೋಲಿಕೆ

1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಬಣ್ಣದ ಗೋಡೆಗಳ ಒಂದು ನಿಜವಾದ ಪೆಟ್ಟಿಗೆ ಮಾಡಿ, ಲೆಕ್ಕದಿಂದ ಬಂದ ಚಿತ್ರವನ್ನು ಅದರೊಂದಿಗೆ ಹೋಲಿಸಿದರು. ಅದೇ ದಾರಿ ನಮಗೂ ಇದೆ. ನೀವು ಕುಳಿತಿರುವ ಕೋಣೆಯನ್ನೇ ಟೇಪು ಹಿಡಿದು ಅಳೆದು ಮಾದರಿ ಮಾಡಿ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಅದೇ ಜಾಗದಿಂದ, ಅದೇ ಗಂಟೆಗೆ ಫೋಟೊ ತೆಗೆದು ರೆಂಡರಿನ ಪಕ್ಕದಲ್ಲಿಡಿ. ನಿಮ್ಮ ಪದ್ಧತಿಯಲ್ಲಿ ಕಾಯಂ ಆಗಿ ಕೂತಿರುವ ತಪ್ಪು ಯಾವುದೆಂದು ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಮೈಸೂರಿನ ಆ ಮನೆಗೆ ಕೊನೆಗೆ ಟೆರಾಕೋಟಾ ಜಾಲಂದ್ರ ಹಾಕಿದೆವು, ಈ ಸಲ ಉತ್ತರವನ್ನು ಗೂಟದ ನೆರಳಿನಿಂದ ಹಿಡಿದು. ಮುಂದಿನ ಮಾರ್ಚ್‌ನಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ಹೋಗಿ ಹಾಲ್‌ನ ಫೋಟೊ ತೆಗೆದೆ. ನೆಲದ ಮೇಲಿನ ಬೆಳಕಿನ ಚೌಕಗಳ ಸಾಲು ಚಿತ್ರದಲ್ಲಿದ್ದಂತೆಯೇ ಇತ್ತು, ಆದರೆ ಕಿಟಕಿಯ ಕಡೆಗೆ ಸುಮಾರು ಮೂರು ಅಂಗುಲ ಸರಿದಿತ್ತು. ಅಜ್ಜಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಟೇಪು ತಂದು ಅಳೆದಾಗ, ಟೈಲ್ಸ್ ಹಾಕುವಾಗ ನೆಲದ ಮಟ್ಟ ನಕ್ಷೆಗಿಂತ ಎರಡು ಅಂಗುಲ ಏರಿದ್ದು ಗೊತ್ತಾಯಿತು. ಮಾದರಿಯಲ್ಲೂ ನೆಲವನ್ನು ಎರಡು ಅಂಗುಲ ಏರಿಸಿದೆ. ಬೆಳಕಿನ ಅಂಚು ಫೋಟೊದಲ್ಲಿದ್ದ ಅದೇ ಟೈಲ್ಸಿನ ಸಂದಿಗೆ ಬಂದು ನಿಂತಿತು.